ಪಂಪಿಗೆ ಅಭ್ಯಂಜನ

ಹೆಂಡತಿ ಜಗದಾಂಬ ಮೂರು ಭಾನುವಾರಗಳಿಂದ ಏನೊಂದೂ ಕೇಳುತ್ತಿಲ್ಲ ಎಂಬುದೇ ಪರ್ವತಯ್ಯ ಮೇಷ್ಟ್ರ ಅನುಮಾನಕ್ಕೆ ಕಾರಣ. ಕೇಳುವ ಹೆಂಡತಿಯನ್ನು ನಿಭಾಯಿಸಬಹುದು. ಕೇಳದವಳಿಗೆ ಎಲ್ಲವೂ ಗೊತ್ತಿರುತ್ತದೆ.

ಮಧುಗಿರಿಯ ಪ್ರೌಢಶಾಲೆಯೊಂದರಲ್ಲಿ ವರ್ಷಕ್ಕೆರಡು ಬಾರಿ ಪಾನನಿರೋಧದ ಭಾಷಣ ಬಿಗಿಯುವ ಈ ಮಹನೀಯರಿಗೆ, ಸಿರಾದ ಷಡ್ಡಕ ಪ್ರಭುದೇವ್ ಹುಟ್ಟುಹಬ್ಬದ ಉಡುಗೊರೆಯೆಂದು ಒಂದು ಬಿಯರ್ ಪೀಪಾಯಿಯನ್ನೂ ಅದರ ತಲೆಗೆ ಸಿಕ್ಕಿಸುವ ಕೈಪಂಪನ್ನೂ ಗುಟ್ಟಾಗಿ ದಯಪಾಲಿಸಿದ್ದ. ಪೀಪಾಯಿ ಮಹಡಿ ಕೋಣೆಯಲ್ಲಿ ಹಳೇ ಉತ್ತರಪತ್ರಿಕೆಗಳ ಹಿಂದೆ ಅಜ್ಞಾತವಾಸಕ್ಕೆ ಹೋಯಿತು. ಪಂಪಿಗೆ ಆ ಯೋಗವಿರಲಿಲ್ಲ. ಬಿಸಿನೀರು, ಸೋಡಾಪುಡಿ ಹಾಕಿ ತೊಳೆಯದಿದ್ದರೆ ಅದು ಹುಳಿ ನಾರುತ್ತದಂತೆ. ಅವೆರಡೂ ಇರುವುದು ಜಗದಾಂಬಳ ಸಾಮ್ರಾಜ್ಯವಾದ ಅಡುಗೆಮನೆಯಲ್ಲಿ.

"ಏನ್ರೀ ಅದು?" ಎಂದು ಅವಳು ಕೇಳಿದ್ದು ಮೊದಲ ದಿನ ಮಾತ್ರ.

"ಕ್ಯಾನ್ ನೀರಿನ ಪಂಪು ಕಣೆ."

"ನಮ್ಮನೇಗೆ ಕ್ಯಾನ್ ನೀರೇ ತರ್ಸಲ್ವಲ್ಲ?"

"ಮುಂದೆ ತರ್ಸೋಣ ಅಂತ..."

"ಓಹೋ," ಎಂದಳು. ಅಷ್ಟೇ!

ಕಾಫಿ ಲೋಟವನ್ನೂ ತೊಳೆಯದ ಗಂಡಸು ಪಂಪೊಂದನ್ನೇ ತಿಕ್ಕುತ್ತಾ ನಿಂತರೆ ಸಿಕ್ಕಿಬೀಳುವುದಿಲ್ಲವೇ? ಮೇಷ್ಟ್ರು ಮಹಾ ವ್ಯೂಹವೊಂದನ್ನು ರಚಿಸಿದರು. ಸಾರಿನ ಪಾತ್ರೆ, ತಟ್ಟೆ, ತಳ ಹಿಡಿದ ಮುದ್ದೆ ಪಾತ್ರೆ ಎಲ್ಲವನ್ನೂ ಮುಂದೆ ಹರಡಿಕೊಂಡು, ನಡುವೆ ಕಳ್ಳನಂತೆ ಪಂಪನ್ನೂ ತೊಳೆದರು. (ಮುದ್ದೆ ಪಾತ್ರೆಯೊಂದಕ್ಕೇ ಅರ್ಧ ಗಂಟೆ ಹಿಡಿಯಿತು.) ಆಮೇಲೆ ಮಹಡಿ ಹತ್ತಿ ಒತ್ತಿದರೆ, ಪಂಪು ಬುಸ್ಸೆಂದಿತೇ ಹೊರತು ಒಂದು ತೊಟ್ಟೂ ಬೀಳಲಿಲ್ಲ.

"ಒಳಗೆ ಕೊಳೆ ಕಟ್ಕೊಂಡಿರ್ತದೆ ಕಣಣ್ಣೋ, ಇನ್ನೊಂದ್ ಸಲ ತೊಳ್ದು ನೋಡು," ಎಂದ ಪ್ರಭುದೇವ್, ಫೋನಿನಲ್ಲಿ.

ಎರಡನೇ ಭಾನುವಾರ ಹಾಲಿನ ಪಾತ್ರೆಗಳೂ ಸೇರಿದವು. ಮೂರನೆಯದಕ್ಕೆ ಇಡ್ಲಿ ತಟ್ಟೆಗಳು. ಪಂಪು ಬುಸ್ಸೆನ್ನುತ್ತಲೇ ಇತ್ತು. ಜಗದಾಂಬ ಹಜಾರದಲ್ಲಿ ಕಾಲು ಚಾಚಿಕೊಂಡು ಧಾರಾವಾಹಿ ನೋಡುತ್ತಲೇ ಇದ್ದಳು. ಮೇಷ್ಟ್ರಿಗೆ ಅವಳ ಬೆನ್ನಿನಲ್ಲೂ ಎರಡು ಕಣ್ಣು ಕಾಣತೊಡಗಿದವು.

ನಾಲ್ಕನೇ ಭಾನುವಾರ ಅವರಿಗೆ ತಡೆಯಲಾಗಲಿಲ್ಲ.

"ಎಷ್ಟು ತೊಳದ್ರೂ ಈ ಹಾಳು ಪಂಪಿನ ಕೊಳೆ ಹೋಗಲ್ವಲ್ಲೇ!"

"ಕೊಳೆ ಅಲ್ಲ ಕಣ್ರೀ," ಎನ್ನುತ್ತಾ ಜಗದಾಂಬ ಸಾಸಿವೆ ಡಬ್ಬಿಗೆ ಕೈಹಾಕಿ, ಬಳೆಯಂಥ ಕರೀ ರಬ್ಬರ್ ವಾಷರೊಂದನ್ನು ಮೇಲೆತ್ತಿದಳು. "ಇದಿಲ್ದೆ ಗಾಳಿ ನಿಲ್ಲಲ್ಲ, ಬಿಯರ್ ಬರಲ್ಲ. ಮೊದಲ್ನೇ ದಿನಾನೇ ತೆಗ್ದು ಮಡಗ್ಬುಟ್ಟೆ."

"ನಿಂಗೆ... ನಿಂಗೆ ಇದೆಲ್ಲ ಯಾರು ಹೇಳಿದ್ದು?"

"ನಮ್ಮ ಗಂಗಾಂಬಿಕಾ."

"ಪ್ರಭುದೇವನ ಹೆಂಡ್ತಿಗೆ ಹೆಂಗೆ ಗೊತ್ತಾಯ್ತು?"

"ಈ ಪಂಪು ಆರು ತಿಂಗ್ಳು ಅವಳ ಮನೇಲೇ ಇತ್ತಲ್ರೀ! ಅವಳೂ ಹಿಂಗೇ ವಾಷರ್ ತೆಗ್ದಿದ್ಲು. ಪಾತ್ರೆ ತಿಕ್ಕೀ ತಿಕ್ಕೀ ಸಾಕಾಗಿ ಅವ್ರು ನಿಮ್ಗೆ ಸಾಗಾಕವ್ರೆ. ಕಳ್ಸೋ ಮುಂಚೆ ವಾಷರ್ನ ಅವಳೇ ವಾಪಸ್ ಹಾಕಿದ್ಲು, ನಾನು ತೆಗೀಲಿ ಅಂತ."

ವಾಷರು ಮತ್ತೆ ಸಾಸಿವೆಯಲ್ಲಿ ಮುಳುಗಿತು.

"ಅಟ್ಟದ ಮೇಲಿನ ಹಬ್ಬದ ಪಾತ್ರೆ ಇಳ್ಸಿದೀನಿ, ಮುಗ್ಸಿಬುಡಿ. ಆಗಲ್ಲ ಅಂದ್ರೆ ಹೇಳಿ, ಇದು ನೀರಿನ ಪಂಪೇನಾ ಅಂತ ನಿಮ್ಮ ಹೆಡ್ಮಾಸ್ಟ್ರನ್ನೇ ಕೇಳ್ತೀನಿ."

ಮೇಷ್ಟ್ರು ಅಂಗಿಯ ತೋಳು ಮಡಚಿದರು. ಮುದ್ದೆ ಪಾತ್ರೆಗೆ ಮೊದಲೇ ನೀರು ಹಾಕಿ ನೆನೆಯಲಿಟ್ಟರು. ಇದನ್ನೀಗ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಡಾಯಿ ತಿಕ್ಕುತ್ತಾ ತಿಕ್ಕುತ್ತಾ, ಶಾಲೆಯ ವ್ಯಾಯಾಮ ಶಿಕ್ಷಕ ಅಡವಯ್ಯನ ಹುಟ್ಟುಹಬ್ಬ ಯಾವ ತಿಂಗಳಲ್ಲಿ ಬರುತ್ತದೆಂದು ನೆನಪಿಸಿಕೊಳ್ಳತೊಡಗಿದರು.