ಮೈದುನನ ಮೈಕಟ್ಟು

ಮನೆಯಲ್ಲೊಬ್ಬ ಪೈಲ್ವಾನನಿದ್ದರೆ ನಗುವುದಕ್ಕೆ ಬೇರೆ ಕಾರಣ ಬೇಡ. ನನ್ನ ಮೈದುನ ಮಂಡ್ಯದ ಗರಡಿಯಲ್ಲಿ ಸಾಮು ಮಾಡುತ್ತಿದ್ದ ಕಾಲ ನೆನೆದರೆ ಮೊದಲು ನಾಲೆಯ ನೀರಿನ ಸದ್ದು, ಆಲೆಮನೆಯ ಪಾಕದ ವಾಸನೆ ಬರುತ್ತವೆ. ಆಮೇಲೆ ಅವನು ಬರುತ್ತಾನೆ, ಖಾಲಿ ತಟ್ಟೆ ಹಿಡಿದುಕೊಂಡು.

ಉಬ್ಬಿದ್ದು

ಯುದ್ಧದ ಕಾಲ. ಅಕ್ಕಿ, ಸಕ್ಕರೆಗೆ ರೇಷನ್ನು. ಗರಡಿಯ ಉಸ್ತಾದರು ಮಾತ್ರ "ಮೈ ಬರ್ಬೇಕು" ಅಂದುಬಿಟ್ಟಿದ್ದರು. ಹಾಲು, ತುಪ್ಪ, ಬಾದಾಮಿ, ಅದರ ಮೇಲೆ ಮುದ್ದೆ. ನಾನು ಹಾಲು ಕರೆಯುವಾಗ ಮೈದುನ ಚೊಂಬು ಹಿಡಿದು ಎಮ್ಮೆಯ ಪಕ್ಕದಲ್ಲೇ ಕೂತಿರುತ್ತಿದ್ದ. ಉಂಡ ಮೇಲೆ ಜಗಲಿಯಲ್ಲಿ ಒರಗಿ, ಕಣ್ಣು ಅರ್ಧ ಮುಚ್ಚಿ, ಆಕಾಶ ನೋಡುತ್ತಿದ್ದ.

ಒಂದು ಮಧ್ಯಾಹ್ನ ಕೇಳಿದೆ: "ಏನಪ್ಪಾ ಕನಸು, ಹೆಣ್ಣಾ?"

"ಇಲ್ಲ ಕಣತ್ತಿಗೆ. ಆ ಮೋಡ ನೋಡು, ಬೆಣ್ಣೆ ಮುದ್ದೆ ಇದ್ದಂಗದೆ."

ಇಳಿದದ್ದು

ಆಮೇಲೆ ನಿಜವಾಗಿಯೂ ಹೆಣ್ಣೇ ಬಂತು. ಮಳವಳ್ಳಿಯ ಹುಡುಗಿ, ಇವನ ಮನಸ್ಸಿಗೆ ಹತ್ತಿಬಿಟ್ಟಳು. ಅವಳಪ್ಪ, "ನಮ್ಮೂರ ಕುಸ್ತೀಲಿ ಗೆದ್ರೆ ಕೊಡ್ತೀನಿ, ಸೋತೋನ್ಗೆ ಕೊಡಾಕಿಲ್ಲ" ಅಂದ.

ಆಗೆಲ್ಲ ಪೈಲ್ವಾನರನ್ನು ತೂಗುತ್ತಿರಲಿಲ್ಲ. ಹಿರಿಯರು ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ, ಮೈ ನೋಡಿ, ಜೋಡಿ ಕಟ್ಟುತ್ತಿದ್ದರು. ಮೈದುನ ಉಪಾಯ ಹೂಡಿದ: "ಬಡಕಲಾಗಿ ನಿಂತ್ರೆ ಬಡಕಲು ಜೋಡಿ ಸಿಕ್ತದೆ ಕಣತ್ತಿಗೆ. ನನ್ ಬಲ ಒಳಗೇ ಇರ್ತದೆ."

ಅಂದಿನಿಂದ ಬರೀ ಅಂಬಲಿ. ನನಗೆ ಪಾಪ ಅನ್ನಿಸುತ್ತಿತ್ತು. ಸಂಜೆ ಆಲೆಮನೆಗೆ ಹೋಗಿ, ಕುದಿಯುವ ಕೊಪ್ಪರಿಗೆಯ ಮುಂದೆ ಕನಸು ಕಾಣುತ್ತಾ ನಿಲ್ಲುವನು. ಆಲೆಯವನು ಬೆಲ್ಲ ಕೊಡಲು ಬಂದರೆ, "ಬ್ಯಾಡ ಬುಡಣ್ಣ, ವಾಸ್ನೆ ತಕ್ಕಂಡಿವ್ನಿ" ಅನ್ನುವನು.

ನನ್ನ ಗಂಡ ತಮ್ಮನನ್ನು ಗದರಿದರು: "ಜಾಸ್ತಿ ಉಸಿರೆಳೀಬ್ಯಾಡ ಕಣ್ಲಾ, ದಪ್ಪ ಆಗೋಯ್ತೀಯ."

ಗೆದ್ದದ್ದು

ಕುಸ್ತಿಯ ದಿನ ನಾನು ಅಖಾಡದ ಪಕ್ಕದಲ್ಲೇ ಇದ್ದ ಹೆಣ್ಣಿನ ಮನೆಯಲ್ಲಿ ಅಡಿಗೆಗೆ ಕೈಜೋಡಿಸಿದ್ದೆ. ನೋಡಿದವರು ನನ್ನ ಗಂಡ. ಇವನಿಗೆ ಜೋಡಿ ಕಟ್ಟಿದ್ದು ಮದ್ದೂರಿನ ಒಬ್ಬ ಪೈಲ್ವಾನನನ್ನು. ಅವನೂ ಇದೇ ಉಪಾಯ ಮಾಡಿ ಒಣಗಿ ಬಂದಿದ್ದ! ಇಬ್ಬರೂ ಒಬ್ಬರ ಹೆಗಲಿಗೊಬ್ಬರು ತಲೆಯಾನಿಸಿ, ತೂಕಡಿಸುವವರ ಹಾಗೆ ನಿಂತೇ ಇದ್ದರಂತೆ. ಜನ ಏನೋ ದೊಡ್ಡ ಪಟ್ಟು ಎಂದು ಉಸಿರು ಬಿಗಿಹಿಡಿದಿದ್ದರು. ಮುಂದೆ ಕೂತಿದ್ದ ನನ್ನ ಗಂಡನಿಗೆ ಮಾತು ಕೇಳಿಸಿತು.

"ಹೊಟ್ಟೆ ತುಂಬ ಉಂಡು ಎಸ್ಟು ದಿನ ಆಯ್ತಣ್ಣ?" ಅಂದ ಮದ್ದೂರಿನವನು.

"ಕೇಳ್ಬ್ಯಾಡ ಬುಡು. ಬಾಡಿನ ಸಾರಿನ ವಾಸ್ನೆ ಬತ್ತಾ ಅದೆ, ನಿಂಗೂ ಬತ್ತಾ?" ಅಂದ ನಮ್ಮವನು.

"ಎಲ್ಲಿಂದ?" ಎಂದು ಅವನು ಕತ್ತು ತಿರುಗಿಸಿದ. ತಿರುಗಿಸಿದ್ದೇ ತಡ, ಅವನ ಬೆನ್ನು ಮಣ್ಣಿಗೆ ತಾಗಿತು. ವಾಸನೆ ಬಂದದ್ದು ನಮ್ಮ ಒಲೆಯಿಂದಲೇ.

ಗೆದ್ದವನು ನೇರ ಊಟಕ್ಕೆ ಬಂದು ಕೂತ. ಹೆಣ್ಣಿನಪ್ಪ ಲಗ್ನದ ಮಾತು ತೆಗೆದರೂ ಇವನು ಮುದ್ದೆಯಿಂದ ಕಣ್ಣೆತ್ತಲಿಲ್ಲ. ನಾನು ಬಡಿಸುತ್ತಲೇ ಇದ್ದೆ. ಬಾಗಿಲ ಮರೆಯಿಂದ ನೋಡುತ್ತಿದ್ದ ಹುಡುಗಿ ತಡೆಯಲಾರದೆ ಈಚೆ ಬಂದಳು.

"ಅಪ್ಪಾ, ನಂಗೊಪ್ಗೆ. ಆದ್ರೆ ಇವ್ರು ಉಣ್ಣೋ ರಾಗೀನ ಇವ್ರೇ ಬೀಸ್ಬೇಕು."

ಅಷ್ಟು ವರ್ಷ ಬೀಸುವ ಕಲ್ಲು ತಿರುಗಿಸಿದ್ದ ನನಗೆ ಅವಳನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಇನ್ನೊಂದು ಮುದ್ದೆ ಎತ್ತಿಕೊಂಡು ಮೈದುನನ ಕಡೆ ನೋಡಿದೆ. ಅವನು ಹುಡುಗಿಯನ್ನು ನೋಡಿದ, ಮುದ್ದೆಯನ್ನು ನೋಡಿದ, ತಟ್ಟೆಯ ಮೇಲೆ ಕೈ ಅಡ್ಡ ಇಟ್ಟ.

"ಅರ್ಧ ಸಾಕು ಕಣತ್ತಿಗೆ."