ಜಿಂಕೆಗೆ ಪುರುಸೊತ್ತು ಕೊಡುವ ಕೋವಿ

ನಾರ್ಬರ್ಟನ ಬಾಯಿ ಸುಮ್ಮನಿರುವುದಿಲ್ಲ ಎಂಬುದು ಶಾಮಸುಂದರನಿಗೆ ಗೊತ್ತಿದ್ದದ್ದೇ. ಆದರೆ ಆ ಬಾಯಿ ತನ್ನನ್ನು ಬೇಟೆಗಾರನನ್ನಾಗಿ ಮಾಡೀತು ಎಂದು ಅವನು ಎಣಿಸಿರಲಿಲ್ಲ.

ಅಬುಧಾಬಿಯ ಟೈಲ್ಸ್ ಕಂಪನಿಯೊಂದರಲ್ಲಿ ಶಾಮಸುಂದರ ಅಕೌಂಟೆಂಟ್, ನಾರ್ಬರ್ಟ್ ಸೇಲ್ಸ್‌ನವನು. ಬೇಟೆ ಸಾಮಾನಿನ ಮೇಳದಲ್ಲಿ ಒಳ್ಳೆಯ ರೈಫಲ್ ನೋಡಬೇಕೆಂದು, ಎಲ್ಲರೂ ಅರ್ಬಾಬ್ ಎಂದು ಕರೆಯುವ ಮಾಲೀಕ ಸಾಲಿಂ ಬೆಳಿಗ್ಗೆ ಹೇಳಿದ್ದೇ ತಡ, ನಾರ್ಬರ್ಟ್, "ನಮ್ಮ ಶಾಮಸುಂದರ ಮಡಿಕೇರಿಯವನು, ಅರ್ಬಾಬ್. ಅಲ್ಲಿ ಮನೆಮನೆಯಲ್ಲೂ ಕೋವಿ. ಅವನೇ ಆರಿಸಲಿ" ಎಂದುಬಿಟ್ಟ. ಶಾಮಸುಂದರನ ಅಪ್ಪ ಮಡಿಕೇರಿಯಲ್ಲಿ ನಡೆಸುತ್ತಿದ್ದದ್ದು ಸಸ್ಯಾಹಾರಿ ಹೋಟೆಲು. ಅವರ ಮನೆಯಲ್ಲಿ ಜಿರಲೆಯನ್ನೂ ಹೊಡೆಯದೆ ಪೊರಕೆಯಿಂದ ಮೆಲ್ಲಗೆ ಹೊರಗೆ ಕಳಿಸುತ್ತಿದ್ದರು.

"ಏನ್ರೀ ಹೀಗ್ ಮಾಡ್ಬಿಟ್ರಿ! ನಾನು ದೀಪಾವಳಿ ಪಿಸ್ತೂಲು ಕೂಡ ಹಿಡಿದವನಲ್ಲ."

"ಎಂತ ಮಾರಾಯ, ನಿನ್ನ ಒಳ್ಳೇದಕ್ಕೇ ಹೇಳಿದ್ದು. ಮಗನ ಉಪನಯನಕ್ಕೆ ರಜೆ ಬೇಕಲ್ಲ? ಅರ್ಬಾಬ್ ಇವತ್ತಿನವರೆಗೆ ಹೂಂ ಅಂದಿದ್ದಾರಾ? ರೈಫಲ್ ಮನಸ್ಸಿಗೆ ಬಂದ್ರೆ ರಜೆ ಸಿಗ್ತದೆ, ಖಲಾಸ್."

ಆ ಮಾತು ನಾಟಿತು. ಮುಂದಿನ ಶುಕ್ರವಾರ ಮಡಿಕೇರಿಯಲ್ಲಿ ಅನಿಕೇತನ ಉಪನಯನ. ಹೆಂಡತಿ ಮಾನ್ಯ ಊರೆಲ್ಲ ಕರೆದಾಗಿತ್ತು. ಅಪ್ಪನೇ ಇಲ್ಲದಿದ್ದರೆ ಹುಡುಗನ ಕಿವಿಯಲ್ಲಿ ಗಾಯತ್ರಿ ಹೇಳುವವರು ಯಾರು?

ಸಾಲಿಂ ತನ್ನ ಕಾರಿನಲ್ಲಿ ಮೊದಲೇ ಹೊರಟಿದ್ದ. ಹಿಂದಿನಿಂದ ಮೇಳಕ್ಕೆ ಹೋಗುವಾಗ ಡ್ರೈವರ್ ಹಸನಬ್ಬನೂ ಬುದ್ಧಿ ಹೇಳಿದ. "ಮಂಡೆಬಿಸಿ ಮಾಡ್ಬೇಡಿ ಸರ್. ತೆಂಗಿನಕಾಯಿ ನೋಡಿದ ಹಾಗೆ ಬೆರಳಲ್ಲಿ ಬಡಿದು ತಲೆ ಅಲ್ಲಾಡಿಸಿ. ಉಳಿದದ್ದು ಅಂಗಡಿಯವನೇ ಮಾತಾಡ್ತಾನೆ."

ಅಂಗಡಿಯವನು ಮಾತಾಡಿದ. ದುರ್ಬೀನು ಹೊತ್ತ ಕರಿಯ ರೈಫಲೊಂದನ್ನು ಎತ್ತಿ ಹಿಡಿದು, "ಇದರಲ್ಲಿ ಹೊಡೆದರೆ ದೂರದ ಜಿಂಕೆಗೆ ಸದ್ದು ಕೇಳುವ ಮೊದಲೇ ಕೆಲಸ ಮುಗಿದಿರುತ್ತದೆ" ಎಂದ. ಶಾಮಸುಂದರ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ತಲೆ ಬಗ್ಗಿಸಿ ಮೇಯುತ್ತಿದ್ದ ಪ್ರಾಣಿ, ತಾನು ಸತ್ತದ್ದೂ ತಿಳಿಯದೆ ಬೀಳುತ್ತದಲ್ಲ! ಮಗನಿಗೆ ಮಂತ್ರ ಹೇಳಿಕೊಡಲು ರಜೆ ಬೇಕೆಂದು ಯಾವುದೋ ಜಿಂಕೆಯ ಜೀವಕ್ಕೆ ಸಂಚಕಾರ ತರುತ್ತಿದ್ದೇನೆ ಎಂದು ಅವನಿಗೆ ನಾಚಿಕೆಯಾಯಿತು. ಇದ್ದುದರಲ್ಲಿ ಅತ್ಯಂತ ಕೆಲಸಕ್ಕೆ ಬಾರದ ಕೋವಿಯನ್ನೇ ಆರಿಸಬೇಕೆಂದು ಅಲ್ಲೇ ನಿಶ್ಚಯಿಸಿದ.

ಮೂಲೆಯಲ್ಲೊಂದು ಮರದ ಹಿಡಿಯ ರೈಫಲ್ ಇತ್ತು.

"ಇದಕ್ಕೆ ದುರ್ಬೀನು?"

"ಇಲ್ಲ. ಕಣ್ಣಲ್ಲೇ ಗುರಿ ಹಿಡಿಯಬೇಕು."

"ಒಂದು ಗುಂಡು ಹಾರಿದ ಮೇಲೆ?"

"ಬೋಲ್ಟನ್ನು ಕೈಯಲ್ಲೇ ಎಳೆದು ಮುಂದಿನ ಗುಂಡು ಏರಿಸಬೇಕು."

"ಭಾರ?"

"ಸ್ವಲ್ಪ ಜಾಸ್ತಿ. ಬೆಲೆ ಮಾತ್ರ ಆ ಕರಿಯದರ ಅರ್ಧ."

ಶಾಮಸುಂದರ ಬೆರಳಲ್ಲಿ ಬಡಿದು ನೋಡಿದ. ಸೋದರತ್ತೆಯ ತಂಬೂರಿಯ ಹಾಗೆ ನುಣುಪಾಗಿತ್ತು. ಇಷ್ಟು ಚೆಂದ ಮಾಡಿದ ಕೈ ಇದನ್ನು ಬೇರೆ ಯಾವುದಾದರೂ ಕೆಲಸಕ್ಕೆ ಮಾಡಬಾರದಿತ್ತೇ ಎನ್ನಿಸಿತು.

"ಇದೇ, ಅರ್ಬಾಬ್."

ಸಾಲಿಂ ಅದನ್ನು ಹೆಗಲಿಗೆ ಏರಿಸಿ, ಹಿಡಿಗೆ ಕೆನ್ನೆ ಒತ್ತಿ ಗುರಿ ನೋಡಿದ. ನಾರ್ಬರ್ಟ್ ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದ.

"ಅಕ್ರೋಟ್ ಮರ. ಗಟ್ಟಿ ಉಕ್ಕು. ನನ್ನ ಅಪ್ಪನ ಹತ್ತಿರ ಇಂಥದ್ದೇ ಇತ್ತು" ಎಂದ ಸಾಲಿಂ. "ಈ ಬೆಲೆಗೆ ಇಂಥ ಕೆಲಸವೇ! ಎಲ್ಲರೂ ಥಳುಕಿಗೆ ಮರುಳಾಗುತ್ತಾರೆ. ನೀನು ಆಗಲಿಲ್ಲ."

ಹೊಗಳಿಕೆ ಶಾಮಸುಂದರನಿಗೆ ಮುಳ್ಳಿನಂತೆ ಚುಚ್ಚಿತು. "ತಪ್ಪಾಯ್ತು ಅರ್ಬಾಬ್. ನನಗೆ ಕೋವಿ ವಿಷಯ ಏನೂ ಗೊತ್ತಿಲ್ಲ. ನಾನು ಮೊಟ್ಟೆ ಕೂಡ ತಿನ್ನೋದಿಲ್ಲ. ಜಿಂಕೆಗೆ ಓಡೋಕೆ ಪುರುಸೊತ್ತು ಸಿಗಲಿ ಅಂತ ಇದನ್ನ ಆರಿಸಿದೆ."

ನಾರ್ಬರ್ಟ್ ಕಣ್ಣು ಮುಚ್ಚಿಕೊಂಡ. ಸಾಲಿಂ ಮಾತ್ರ ಶಾಮಸುಂದರನ ಎರಡೂ ಹೆಗಲು ಹಿಡಿದುಕೊಂಡ.

"ಅಪ್ಪನೂ ಇದನ್ನೇ ಹೇಳುತ್ತಿದ್ದರು! ಓಡಲು ಬಿಡದೆ ಹೊಡೆಯುವವನು ಬೇಟೆಗಾರನೇ ಅಲ್ಲ ಅಂತ. ಅದರ ಮೇಲೆ ಏನೂ ಗೊತ್ತಿಲ್ಲ ಅನ್ನುವ ವಿನಯ ಬೇರೆ! ಗುರುವಾರ ನಮೀಬಿಯಾಕ್ಕೆ ಬೇಟೆಗೆ ಹೊರಟಿದ್ದೇನೆ. ನೀನೂ ಬರಬೇಕು."

"ಶುಕ್ರವಾರ ಮಗನ ಉಪನಯನ, ಅರ್ಬಾಬ್! ಅದಕ್ಕೇ ರಜೆ ಕೇಳಿದ್ದು. ಹುಡುಗನಿಗೆ ಎಂಟು ತುಂಬಿತು. ಅಪ್ಪನೇ ಪಕ್ಕದಲ್ಲಿ ಕೂತು ಮೊದಲ ಪಾಠ ಹೇಳಿಕೊಡಬೇಕು."

ಸಾಲಿಂನ ಮುಖ ಅರಳಿತು. "ಎಂಟಕ್ಕೇ? ನಮ್ಮ ಮನೆಯಲ್ಲೂ ಹಾಗೇ! ಅಪ್ಪ ನನ್ನ ಕೈಗೆ ಮೊದಲ ರೈಫಲ್ ಕೊಟ್ಟದ್ದು ಎಂಟು ತುಂಬಿದಾಗಲೇ. ಹುಡುಗನನ್ನೂ ಕರೆದುಕೊಂಡು ಬಾ, ಟಿಕೆಟ್ ನನ್ನದು. ನೀನೇ ಪಕ್ಕದಲ್ಲಿ ಕೂತು ಹೇಳಿಕೊಡು. ಯಲ್ಲಾ, ನಡಿ, ಅವನಿಗೂ ಒಂದು ಚಿಕ್ಕದನ್ನು ನೀನೇ ಆರಿಸು, ಅದು ನನ್ನ ಉಡುಗೊರೆ."

ಅಂಗಡಿಯವನು ಹಸಿರು ಬಟ್ಟೆ ಹಾಸಿ ಪುಟ್ಟ ಪುಟ್ಟ ಕೋವಿಗಳನ್ನು ಸಾಲಾಗಿ ಇಟ್ಟ. ಅಷ್ಟರಲ್ಲಿ ಮಾನ್ಯಳ ಫೋನು ಬಂತು.

"ರೀ, ಪುರೋಹಿತರು ಕೇಳ್ತಿದಾರೆ. ರಜೆ ಸಿಕ್ತಾ?"

"ಸಿಕ್ತು" ಎಂದ ಶಾಮಸುಂದರ. "ಅನಿಕೇತನಿಗೂ ಸಿಕ್ತು. ನಮೀಬಿಯಾಕ್ಕೆ."