ಸಾವಿರ ಮೆಟ್ಟಿಲಿನ ಮಾರುಕಟ್ಟೆ ತಂತ್ರ

ಐವತ್ತು ದಾಟಿದ ಮನುಷ್ಯನಿಗೆ ಹೊಸ ವಿದ್ಯೆ ಕಲಿಸಬಾರದು. ಕಲಿಸಿದರೆ ಪ್ರಯೋಗಿಸಿಬಿಡುತ್ತಾನೆ. ನನಗೆ ಕಲಿಸಿದರು!

ನಾನು ಒಂದು ಬಹುದೊಡ್ಡ ಸಾಫ್ಟ್‌ವೇರ್ ಕಂಪನಿಯ ಮೈಸೂರು ಶಾಖೆಯ ಮಾರಾಟಾಧಿಕಾರಿ. ಶಾಖೆ ಎಂದರೆ ನಾನು, ಒಂದು ಮೇಜು ಮತ್ತು ಒಂದು ಕಿಟಕಿ. ನಾವು ಮಾರುವುದು ಫೋನಿನಲ್ಲಿ ಹಾಕಿಕೊಳ್ಳುವ ಆಟ-ಗೀಟದ ಸರಕಲ್ಲ. ಒಂದು ಫ್ಯಾಕ್ಟರಿಯ ಖರೀದಿ, ದಾಸ್ತಾನು, ಸಂಬಳ, ಲೆಕ್ಕಪತ್ರ ಎಲ್ಲವನ್ನೂ ಒಂದೇ ಹೊಟ್ಟೆಗೆ ಹಾಕಿಕೊಳ್ಳುವ ಮಹಾ ಸಾಫ್ಟ್‌ವೇರ್. ಮೈಸೂರಿನಲ್ಲಿ ಅದನ್ನು ನಾನು ಇನ್ನೂ ಯಾರಿಗೂ ಮಾರಿರಲಿಲ್ಲ. ಈ ಒಂದು ಸಣ್ಣ ಕೊರತೆ ಬಿಟ್ಟರೆ ನನ್ನ ಸೇವೆ ನಿಷ್ಕಳಂಕವಾಗಿತ್ತು.

ಕೊರತೆ ಬೆಂಗಳೂರಿನ ಮುಖ್ಯ ಕಚೇರಿಯವರ ಕಣ್ಣಿಗೆ ಬಿತ್ತು. ನನ್ನ ಮೇಲಧಿಕಾರಿ ದಿನೇಶ್ ಫೋನ್ ಮಾಡಿದರು. ವಯಸ್ಸಿನಲ್ಲಿ ನನ್ನ ತಮ್ಮನ ಮಗನಂತಿದ್ದರೂ ಅವರು ನನಗೆ 'ಸರ್', ನಾನು ಅವರಿಗೆ 'ಸರ್'.

"ಸರ್, ಮಾರ್ಚ್ ಒಳಗೆ ಒಬ್ಬ ಗಿರಾಕಿನಾದ್ರೂ ತನ್ನಿ. ಇಲ್ದಿದ್ರೆ ಶಾಖೆ ಮುಚ್ತಾರೆ. ನಿಮ್ಮನ್ನ ನಾಗಪುರಕ್ಕೆ ಹಾಕ್ತಾರೆ."

ನಾಗಪುರ! ನನ್ನ ಹೆಂಡತಿ ಪದ್ಮ ಲಕ್ಷ್ಮೀಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ವೀಣೆ ಹೇಳಿಕೊಡುತ್ತಾಳೆ. ವಿಷಯ ಕೇಳಿ, ಶ್ರುತಿ ಮಾಡುತ್ತಿದ್ದ ವೀಣೆಯಿಂದ ತಲೆಯನ್ನೇ ಎತ್ತಲಿಲ್ಲ.

"ನೀವು ಹೋಗ್ಬನ್ನಿ. ನಾನಂತೂ ಬರಲ್ಲ."

"ಅಲ್ವೇ, ನನ್ನ ಊಟ-ತಿಂಡಿ?"

"ನಾಗಪುರದಲ್ಲಿ ಜನ ಊಟ ಮಾಡಲ್ವೇನ್ರೀ?"

ನಿಜ ಹೇಳುತ್ತೇನೆ, ನನಗೆ ಭಯವಾಯಿತು. ಪದ್ಮಳನ್ನೂ ಈ ಊರನ್ನೂ ಬಿಟ್ಟು ಒಂದು ದಿನವೂ ಇದ್ದವನಲ್ಲ ನಾನು.

ಅದೇ ವಾರ ಕಂಪನಿ ನಮಗೆಲ್ಲ ತನ್ನ ಹೊಸ ಮಾರುಕಟ್ಟೆ ತಂತ್ರವನ್ನು ಬೋಧಿಸಿತು. ಸಾಫ್ಟ್‌ವೇರನ್ನು ಬಳಸುವವನಿಗೆ ಮಾರಬೇಡ, 'ಹೂಂ' ಅನ್ನುವವನಿಗೆ ಮಾರು. ಅವನನ್ನು ಕಚೇರಿಯಲ್ಲಿ ಹಿಡಿಯಬೇಡ, ಅವನು ಇಷ್ಟಪಟ್ಟು ಹೋಗುವ ಜಾಗದಲ್ಲಿ ಹಿಡಿ. ಮೊದಲು ಸ್ವಲ್ಪವೇ ಕೊಡು. ಲೆಕ್ಕವೆಲ್ಲ ನಮ್ಮ ಸಾಫ್ಟ್‌ವೇರಿನೊಳಗೆ ಬಂದ ಮೇಲೆ ಅವನು ಎಲ್ಲಿಗೂ ಹೋಗಲಾರ. ನಾನು ಇದನ್ನು ಕಂಠಪಾಠ ಮಾಡಿ ಪದ್ಮಳಿಗೆ ಒಪ್ಪಿಸಿದೆ.

"ಇದೇನು ವ್ಯಾಪಾರಾನೇನ್ರೀ? ಬೆರಳು ಕೊಟ್ರೆ ಹಸ್ತ ನುಂಗೋ ಬುದ್ಧಿ!"

"ಇದಕ್ಕೆ ತಂತ್ರ ಅಂತಾರೆ," ಎಂದೆ ಗಂಭೀರವಾಗಿ.

ನನ್ನ ಕಣ್ಣಿದ್ದದ್ದು ಇಲವಾಲದ ಒಂದು ಊದುಬತ್ತಿ ಫ್ಯಾಕ್ಟರಿಯ ಮೇಲೆ. ಮಾಲೀಕರು ನಂಜುಂಡಪ್ಪನವರು, ಸಜ್ಜನರು. ಎಷ್ಟು ಸಲ ಹೋದರೂ ಕಾಫಿ ಕೊಡಿಸಿ, ಎಲ್ಲ ಕೇಳಿಸಿಕೊಂಡು, ಕೊನೆಗೆ "ಅಮ್ಮನ್ನ ಒಂದ್ಮಾತು ಕೇಳ್ತೀನಿ" ಅನ್ನುತ್ತಿದ್ದರು. ಹೊಸ ವಿದ್ಯೆಯ ಬೆಳಕಿನಲ್ಲಿ ನನಗೆ ಥಟ್ಟನೆ ಹೊಳೆಯಿತು. 'ಹೂಂ' ಅನ್ನುವವರು ಅಮ್ಮ! ಹೆಸರು ಗೌರಮ್ಮ. ಗೇಟಿನ ಕಾವಲುಗಾರನನ್ನು ವಿಚಾರಿಸಿದೆ. ಅಮ್ಮಾವ್ರು ಮಂಗಳವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ, ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾರೆ ಎಂದ. ಇಷ್ಟಪಟ್ಟು ಹೋಗುವ ಜಾಗಕ್ಕೆ ಕಂಪನಿಯವರು ಉದಾಹರಣೆಯಾಗಿ ಗಾಲ್ಫ್ ಮೈದಾನ ಎಂದು ಬರೆದಿದ್ದರು. ಗೌರಮ್ಮನವರು ಗಾಲ್ಫ್ ಆಡುತ್ತಿರಲಿಲ್ಲ.

ಮಂಗಳವಾರ ನಾನು ಬಿಳಿ ಪಂಚೆ ಉಟ್ಟು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಬೆಟ್ಟದ ಪಾದಕ್ಕೆ ಹೋದೆ. ಗೌರಮ್ಮ ಆಗಲೇ ಬಹಳ ಮೇಲಿದ್ದರು. ಎಪ್ಪತ್ತು ದಾಟಿದ ಜೀವ, ಬಗ್ಗಿ ಬಗ್ಗಿ ಕುಂಕುಮ ಇಡುತ್ತಾ ಸಲೀಸಾಗಿ ಹೋಗುತ್ತಿದೆ! ನಾನು ಓಡಿದೆ. ಅವರನ್ನು ತಲುಪುವ ಹೊತ್ತಿಗೆ ಬಾಯಲ್ಲಿ ಮಾತಿರಲಿಲ್ಲ, ಬರೀ ಗಾಳಿ ಇತ್ತು.

"ಯಾಕಪ್ಪಾ ಹಿಂಗೆ ಓಡ್ತೀರ? ನಿಮ್ದೂ ಹರಕೇನಾ?"

ಇಲ್ಲ ಅನ್ನಬಹುದಿತ್ತು. ಆದರೆ ಅವರ ಇಷ್ಟದಲ್ಲಿ ಪಾಲುದಾರನಾಗಬೇಕೆಂದು ತಂತ್ರ ಹೇಳುತ್ತದಲ್ಲ!

"ಹೌದು ತಾಯಿ. ಎಲ್ಲಾ ಮೆಟ್ಟಿಲಿಗೂ!"

"ಭೇಷ್. ಅರಿಶಿನ ಕುಂಕುಮ ಎಲ್ಲಿ?"

ನಾನು ಚೀಲ ತಡಕಿದೆ. ಚಾರ್ಜರ್ ಸಿಕ್ಕಿತು. "ಮರ್ತ್‌ಬುಟ್ಟೆ," ಎಂದೆ.

ಗೌರಮ್ಮ ತಮ್ಮ ಬುಟ್ಟಿಯಿಂದ ದೊಡ್ಡ ದೊಡ್ಡ ಪೊಟ್ಟಣ ತೆಗೆದು ಕೊಟ್ಟರು. ನಾನು ಭಕ್ತಿಯಿಂದ ಎದುರಿನ ಮೆಟ್ಟಿಲಿಗೆ ಬಗ್ಗಿದೆ.

"ಅಯ್ಯೋ, ಇಲ್ಲಿಂದ ಅಲ್ಲ ಕಣಪ್ಪ! ನಡುವಿಂದ ಹಚ್ಚಿದ್ರೆ ಅದೆಂಗೆ ಹರಕೆ ಆಗುತ್ತೆ? ಕೆಳಗಿಳಿದು ಮೊದಲ್ನೇ ಮೆಟ್ಲಿಂದ ಬನ್ನಿ. ನಾನು ನಂದಿ ಹತ್ರ ಕೂತಿರ್ತೀನಿ."

ಇಳಿದೆ. ಬೇರೆ ದಾರಿ ಇರಲಿಲ್ಲ. ಮೊದಲನೇ ಮೆಟ್ಟಿಲಿಂದ ಬಗ್ಗುವುದು, ಹಚ್ಚುವುದು, ಏಳುವುದು. ಸ್ವಲ್ಪ ಹೊತ್ತಿಗೆ ಏಳುವುದು ನಿಂತುಹೋಯಿತು. ಬಗ್ಗಿದವನು ಬಗ್ಗಿಯೇ ಮುಂದುವರಿದೆ. ಚೀಲ ಜಾರಿ ಜಾರಿ ಕುತ್ತಿಗೆಗೆ ನೇತುಬಿತ್ತು. ಬೆವರಿಗೆ ಅರಿಶಿನ ಸೇರಿ ಪಂಚೆ ಹಳದಿಯಾಯಿತು. ಒಬ್ಬಾಕೆ ನನ್ನ ಪಾದ ಮುಟ್ಟಿ ನಮಸ್ಕರಿಸಿ ಹೋದಳು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ನಂದಿ ಮುಟ್ಟಿದಾಗ ಗೌರಮ್ಮ ಒಂದು ಲೋಟ ಮಜ್ಜಿಗೆ ಕೈಗಿಟ್ಟು, "ಏನಂತ ಹೊತ್ತಿದೀರ ಹರಕೇನ?" ಎಂದು ಕೇಳಿದರು.

ಒಂದು ಒಳ್ಳೆಯ ಸುಳ್ಳು ಹೇಳಬೇಕಿತ್ತು. ಸುಳ್ಳು ಕಟ್ಟುವುದಕ್ಕೂ ಉಸಿರು ಬೇಕು, ನನ್ನಲ್ಲಿ ಉಳಿದಿರಲಿಲ್ಲ. "ಮೈಸೂರು ಬಿಟ್ಟು ಹೋಗೋದು ಬೇಡ ಅಂತ ತಾಯಿ," ಅಂದುಬಿಟ್ಟೆ. ಅಂದ ಮೇಲೆ ಕಣ್ಣಲ್ಲಿ ನೀರೂ ಬಂತು. ನಾಗಪುರ, ಪದ್ಮ, ಸಾಫ್ಟ್‌ವೇರ್, ಅವರ ಮಗ, ನನ್ನ ಓಟ, ಎಲ್ಲ ಹೇಳಿದೆ.

ಅವರು ನನ್ನ ಕೈಯಿಂದ ಖಾಲಿ ಲೋಟ ಇಸಿದುಕೊಂಡರು.

"ಅಂದ್ರೆ ನಂಗೆ ಮಾರಕ್ಕೆ ಬಂದೆ ಅನ್ನು. ಹರಕೆ ಸುಳ್ಳು."

"ಹೌದಮ್ಮ. ತಪ್ಪಾಯ್ತು."

"ಸುಳ್ಳು ಹರಕೆ ಅಂತ ಒಂದಿಲ್ಲ ಕಣಪ್ಪ. ಬಾಯಲ್ಲಿ ಹೇಳಿದ್ ಮೇಲೆ ತೀರಿಸ್ಬೇಕು. ಏಳು, ಮೇಲೆ ಇನ್ನೂ ಮೆಟ್ಲಿದೆ."

ತೀರಿಸಿದೆ. ಮನೆಗೆ ಬಂದಾಗ ಬಾಗಿಲು ತೆರೆದ ಪದ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾರ ಮದುವೇಲಿ ಅರಿಶಿನದ ನೀರು ಹುಯ್ದ್ರು?" ಎಂದಳು. ಆಮೇಲೆ ಸೊಂಟಕ್ಕೆ ಎಣ್ಣೆ ತಿಕ್ಕುತ್ತಾ, "ಮಾಡಿದ್ದುಣ್ಣೋ ಮಹಾರಾಯ" ಎಂದು ರಾಗವಾಗಿ ಹಾಡಿದಳು. ತಿಕ್ಕಿದ್ದು ಮಾತ್ರ ಪ್ರೀತಿಯಿಂದಲೇ.

ಗೌರಮ್ಮ ನನ್ನ ಹರಕೆಯನ್ನು ಮರೆತಿರಲಿಲ್ಲ. ಮಾರ್ಚ್ ಮುಗಿಯುವ ಮೊದಲೇ ಇಲವಾಲದಿಂದ ಕರೆ ಬಂತು. ದಿನೇಶ್ ಬೆಂಗಳೂರಿನಿಂದ ಹಾರಿಬಂದರು. ಎಲ್ಲರ ಮುಂದೆ ಗೌರಮ್ಮ ಹೇಳಿದರು, "ತಗೋತೀವಿ. ಆದ್ರೆ ಒಂದು ಷರತ್ತು. ಇವರನ್ನ ಮೈಸೂರು ಬಿಡಿಸಕೂಡದು."

ದಿನೇಶ್ ಕ್ಷಣವೂ ಯೋಚಿಸಲಿಲ್ಲ. "ಮೈಸೂರು ಯಾಕಮ್ಮ, ನಿಮ್ಮ ಫ್ಯಾಕ್ಟರೀಲೇ ಇಟ್ಬಿಡ್ತೀವಿ!" ಎಂದವರೇ ಕರಾರಿಗೆ ಒಂದು ಸಾಲು ಸೇರಿಸಿದರು: ಸದರಿ ಸಾಫ್ಟ್‌ವೇರ್ ಬಳಕೆಯಲ್ಲಿರುವವರೆಗೆ ಸದರಿ ಅಧಿಕಾರಿಯು ಗ್ರಾಹಕರ ಆವರಣದಲ್ಲಿಯೇ ಹಾಜರಿರತಕ್ಕದ್ದು. ನನಗೆ ಎದೆಯುಬ್ಬಿತು. ಸಹಿ ಹಾಕಲು ನನ್ನ ಪೆನ್ನನ್ನೇ ಕೊಟ್ಟೆ!

ಅಂದಿನಿಂದ ನನಗೆ ಬೆಳಗಾದರೆ ಇಲವಾಲದ ಬಸ್ಸು. ಸಾಫ್ಟ್‌ವೇರ್ ಬಂತು, ಬಹಳ ಘನವಾಗಿತ್ತು. ಒಂದು ಪ್ರಶ್ನೆ ಕೇಳಿದರೆ ಅದು ನಾಲ್ಕು ಪ್ರಶ್ನೆ ಕೇಳುತ್ತಿತ್ತು. ಹಾಗಾಗಿ ಎಲ್ಲರೂ ಅದನ್ನು ಬಿಟ್ಟು ನನ್ನನ್ನೇ ಕೇಳತೊಡಗಿದರು. "ಸಾರ್, ಗಂಧದ ಪುಡಿ ಎಷ್ಟದೆ?" ನಾನು ಗೋದಾಮಿಗೆ ಹೋಗಿ, ಇಣುಕಿ, ಬಂದು ಹೇಳುವೆ. ಕ್ರಮೇಣ ನನ್ನ ಹೆಸರೇ ಮರೆತುಹೋಯಿತು. ಒಂದು ದಿನ ಯಾರೋ ಫೋನಿನಲ್ಲಿ ಹೇಳುತ್ತಿದ್ದರು: "ಸಾಫ್ಟ್‌ವೇರ್ ಊಟಕ್ಕೆ ಹೋಗವ್ರೆ, ಆಮೇಲೆ ಮಾಡಿ."

ದಸರೆಗೆ ಊದುಬತ್ತಿಯ ಬೇಡಿಕೆ ಏರಿ ನನಗೆ ರಜೆಯೂ ತಪ್ಪಿತು. "ನಾಗಪುರದಲ್ಲಿದ್ದಿದ್ರೆ ಹಬ್ಬಕ್ಕಾದ್ರೂ ಮನೆಗೆ ಬರ್ತಿದ್ರಿ," ಎಂದಳು ಪದ್ಮ.

ವರ್ಷ ತುಂಬಿತು. ಕರಾರು ನವೀಕರಿಸಲು ದಿನೇಶ್ ಮತ್ತೆ ಬಂದರು. ನಂಜುಂಡಪ್ಪನವರು ಸಂಕೋಚದಿಂದ ಕೈ ಹಿಸುಕಿಕೊಂಡರು.

"ತಪ್ಪು ತಿಳ್ಕೋಬೇಡಿ. ಸಾಫ್ಟ್‌ವೇರ್ ನಮಗೆ ಬೇಕಾಗಿಲ್ಲ. ಇವರೊಬ್ಬರು ಇದ್ರೆ ಸಾಕು. ಇವರಿಗೆ ಎಷ್ಟಾಗುತ್ತೆ ಹೇಳಿ."

ನಾನು ನೆಟ್ಟಗೆ ಕೂತೆ. ಇಷ್ಟು ವರ್ಷದ ಸೇವೆಯಲ್ಲಿ ನನ್ನ ಬೆಲೆಯನ್ನು ಯಾರೋ ಕೇಳಿದ್ದು ಅದೇ ಮೊದಲು. ದಿನೇಶ್ ದರಪಟ್ಟಿಯನ್ನು ಹಿಂದೆ ಮುಂದೆ ತಿರುವಿದರು. ಇನ್ನೊಂದು ಸಲ ತಿರುವಿದರು.

"ಇವರಿಗೆ ಅಂತ ಬೇರೆ ರೇಟ್ ಇಲ್ಲ ಸರ್. ಸಾಫ್ಟ್‌ವೇರ್ ತಗೊಂಡ್ರೆ ಇವರು ಫ್ರೀ."

ಗೌರಮ್ಮನವರಿಗೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಬೇಜಾರ್ ಮಾಡ್ಕೋಬೇಡ ಕಣಪ್ಪ," ಎಂದರು. "ಸೀರೆ ಜೊತೆ ರವಿಕೆ ಬಟ್ಟೆ ಬರಲ್ವೇ? ಅದೂ ಬೇಕೇ ಆಗುತ್ತೆ."

ಹೀಗೆ ರವಿಕೆ ಬಟ್ಟೆಗೋಸ್ಕರ ಅವರು ಮತ್ತೊಂದು ವರ್ಷಕ್ಕೆ ಸೀರೆ ಕೊಂಡರು. ಇದು ಸಾಫ್ಟ್‌ವೇರಿನ ಜನಪ್ರಿಯತೆಗೆ ಸಾಕ್ಷಿ ಎಂದು ದಿನೇಶ್ ಮೇಲಿನವರಿಗೆ ವರದಿ ಕಳಿಸಿದ್ದಾರೆ. ನಾನು ಮೈಸೂರಿನಲ್ಲೇ ಇದ್ದೇನೆ. ಫ್ರೀಯಾಗಿ.